ಕ್ವಾಲ್‌ಕಾಮ್‌ಗೆ ರಾಯಲ್ಟಿ ದುಡ್ಡೆಷ್ಟು, ಚಿಪ್ ದುಡ್ಡೆಷ್ಟು?

ಕುಮಟಾ_ಭಟ್ಟ: ಅಮೆರಿಕದ ಮೊಬೈಲ್ ಚಿಪ್ ಕಂಪನಿ ಕ್ವಾಲ್‌ಕಾಮ್ ಬದುಕಿರುವುದೇ ರಾಯಲ್ಟಿ ಮೇಲೆ, ಅಂದರೆ ಅದರ ಪೇಟೆಂಟ್ ಬಳಸಲು ಫೋನ್ ತಯಾರಕರು ಕೊಡುವ ದುಡ್ಡಿನ ಮೇಲೆ. ಚಿಪ್ ಬರೀ ನೆಪ. ವರ್ಷಕ್ಕೆ ಜಗತ್ತಿನಲ್ಲಿ ಸುಮಾರು 120 ಕೋಟಿ ಸ್ಮಾರ್ಟ್‌ಫೋನ್, ಸರಾಸರಿ ಬೆಲೆ 300 ಡಾಲರ್ ಹಿಡಿಯಿರಿ, ರಾಯಲ್ಟಿ ದರ ಶೇ 3.25. 1,170 ಕೋಟಿ ಡಾಲರ್ ಆಯ್ತಲ್ಲ!

ಶಿರಸಿ_ಹೆಗಡೆ: ಭಟ್ರೇ, ಅವರದ್ದೇ ವಾರ್ಷಿಕ ವರದಿ ತೆಗೆದು ನೋಡಿ. 2024ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಪೇಟೆಂಟ್ ವಿಭಾಗ ಕ್ಯೂಟಿಎಲ್‌ಗೆ ಬಂದದ್ದು 557 ಕೋಟಿ ಡಾಲರ್, ಚಿಪ್ ವಿಭಾಗ ಕ್ಯೂಸಿಟಿಗೆ 3,320 ಕೋಟಿ. ನಿಮ್ಮದು ದುಪ್ಪಟ್ಟಿಗೂ ತುಸು ಜಾಸ್ತಿ. ಶೇ 3.25 ಬೀಳುವುದು ತಯಾರಕರ ನಿವ್ವಳ ಮಾರಾಟ ಬೆಲೆ ಮೇಲೆ, ಕಾರವಾರದ ಅಂಗಡಿ ಬಿಲ್ ಮೇಲಲ್ಲ. ಅದಕ್ಕೂ 400 ಡಾಲರ್ ಮಿತಿ ಇದೆ, ಅಂದರೆ ಫೋನಿಗೆ 13 ಡಾಲರ್ ದಾಟುವುದಿಲ್ಲ. 800 ಡಾಲರಿನದ್ದೊಂದು, 100ರದ್ದೊಂದು ಫೋನ್ ಇಟ್ಟುಕೊಳ್ಳಿ. ಸರಾಸರಿ 450, ಮಿತಿ ಹಾಕಿದರೂ ಎರಡಕ್ಕೆ 26 ಡಾಲರ್ ಅಂತ ಬರೆಯುತ್ತೀರಿ. ನಿಜಕ್ಕೆ ಸಿಗುವುದು 13 ಮತ್ತು 3.25, ಒಟ್ಟು 16.25. ಒಳ್ಳೆ ದರದ ರಾಶಿ ಅಡಿಕೆಗೆ ಅಗ್ಗದ ಕೆಂಪುಗೋಟು ಬೆರೆಸಿ ಒಂದೇ ದರ ಕಟ್ಟಿದ ಹಾಗಾಯ್ತು ಇದು. ಬೆಲೆವಾರು ವಿಂಗಡಿಸಿಕೊಂಡೇ ಗುಣಿಸಬೇಕು.

ಕುಮಟಾ_ಭಟ್ಟ: ಸರಾಸರಿ ವಿಷಯ ಒಪ್ಪಿದೆ. ಹಾಗಾದರೆ ರಾಯಲ್ಟಿ ಪಾಲು ಶೇ 14 ಅಷ್ಟೇಯಾ?

ಕಾರವಾರ_ನಾಯ್ಕ: ವರಮಾನದಲ್ಲಿ ಅಷ್ಟೇ. ಲಾಭ ನೋಡಿ ಮಾರಾಯ್ರೆ. ಅದೇ ವರ್ಷ ತೆರಿಗೆಗೆ ಮುಂಚಿನ ಲಾಭ ಕ್ಯೂಟಿಎಲ್‌ನಲ್ಲಿ ವರಮಾನದ ಶೇ 72, ಕ್ಯೂಸಿಟಿಯಲ್ಲಿ ಶೇ 29. ಅಂದರೆ 400 ಕೋಟಿ ಮತ್ತು 950 ಕೋಟಿ ಡಾಲರಿನ ಆಸುಪಾಸು. ಎರಡರ ಲಾಭದಲ್ಲಿ ರಾಯಲ್ಟಿದ್ದು ಸುಮಾರು ಶೇ 30. ಚಿಪ್ಪಿಗಾದರೆ ಅದನ್ನು ತಯಾರಿಸುವ ಕಾರ್ಖಾನೆಗೆ (ಫ್ಯಾಬ್) ಕೊಡುವ ದುಡ್ಡು, ಪ್ಯಾಕೇಜಿಂಗ್, ಪರೀಕ್ಷೆ ಎಲ್ಲ ಖರ್ಚು. ಪೇಟೆಂಟಿಗೆ ಆ ತಾಪತ್ರಯ ಇಲ್ಲ. ಪೈಪೋಟಿ ಕಂಪನಿ ಮೀಡಿಯಾಟೆಕ್‌ನ ಚಿಪ್ ಇರುವ ಫೋನಿನಿಂದಲೂ ರಾಯಲ್ಟಿ ಬರುತ್ತದೆ, ಹಾಗಾಗಿ ಚಿಪ್ ಎಣಿಕೆಯಿಂದ ರಾಯಲ್ಟಿ ಊಹಿಸಲು ಹೋಗಬೇಡಿ.

ಅಂಕೋಲಾ_ಗಾಂವಕರ: ಇನ್ನೊಂದು ಗುಂಡಿ ಇದೆ. ರಾಯಲ್ಟಿಯನ್ನು ಫೋನ್ ಮಾರಾಟವಾದ ತ್ರೈಮಾಸಿಕದಲ್ಲೇ ಅಂದಾಜಿನ ಮೇಲೆ ಬರೆದುಕೊಳ್ಳುತ್ತಾರೆ. ಪೇಟೆಂಟ್ ಲೈಸೆನ್ಸ್ ಪಡೆದ ಫೋನ್ ತಯಾರಕರ ವರದಿ ಆಮೇಲೆ ಬರುತ್ತದೆ, ವ್ಯತ್ಯಾಸವನ್ನು ಮುಂದಿನ ತ್ರೈಮಾಸಿಕದಲ್ಲಿ ಸರಿಪಡಿಸುತ್ತಾರೆ. ಒಂದೇ ತ್ರೈಮಾಸಿಕ ಹಿಡಿದು ನಾಲ್ಕರಿಂದ ಗುಣಿಸಿದರೆ ಕೆಟ್ಟಿತು. 2019ರಲ್ಲಂತೂ ಆಪಲ್ ಜತೆಗಿನ ರಾಯಲ್ಟಿ ಜಗಳದ ರಾಜಿಯಿಂದ ಒಂದೇ ಬಾರಿಗೆ 470 ಕೋಟಿ ಡಾಲರ್ ಲೆಕ್ಕಕ್ಕೆ ಬಂತು. ಅದನ್ನು ತೆಗೆಯದೆ ಆ ವರ್ಷವನ್ನು ಹೋಲಿಕೆಗೆ ಹಿಡಿಯಬೇಡಿ.

ಶಿರಸಿ_ಹೆಗಡೆ: ಲಾಭ-ನಷ್ಟ ಪಟ್ಟಿಯ "ಲೈಸೆನ್ಸಿಂಗ್" ಸಾಲು ಕ್ಯೂಟಿಎಲ್‌ಗಿಂತ ತುಸು ಜಾಸ್ತಿ ಇರುತ್ತದೆ, ಚಿಪ್ ವಿಭಾಗದ ಲೈಸೆನ್ಸ್ ದುಡ್ಡೂ ಅಲ್ಲಿ ಸೇರುವುದರಿಂದ. ಒಂದು ಕಡೆ ಆ ಸಾಲು, ಇನ್ನೊಂದು ಕಡೆ ವಿಭಾಗದ ಅಂಕಿ ಹಾಕಿದರೆ ಲೆಕ್ಕ ಕೂಡುವುದಿಲ್ಲ.