ಐಪಾಡ್ ಗೆದ್ದದ್ದು ಯಂತ್ರದಿಂದಲೋ, ಅಂಗಡಿಯಿಂದಲೋ?

ನೀರ್ಚಾಲು ನಿವಾಸಿ:
ಮಳೆಗಾಲಕ್ಕೆ ಮೊದಲು ಅಟ್ಟ ಗುಡಿಸುವಾಗ ಹಳೆಯ ಎರಡು ಮ್ಯೂಸಿಕ್ ಪ್ಲೇಯರ್‌ಗಳು ಸಿಕ್ಕಿದವು. ಒಂದು ಚಿಕ್ಕಪ್ಪ 2005ರಲ್ಲಿ ದುಬೈಯಿಂದ ತಂದದ್ದು, ಒಳಗೆ ಹಾರ್ಡ್ ಡಿಸ್ಕ್ ಇರುವ ಭಾರದ್ದು. ಇನ್ನೊಂದು ಅಣ್ಣ ಕಾಸರಗೋಡು ಪೇಟೆಯಲ್ಲಿ ಕೊಂಡ, ಹೆಬ್ಬೆರಳಿನಷ್ಟಿರುವ ಅಗ್ಗದ್ದು. ಮೊದಲನೆಯದಕ್ಕೆ ಚಾರ್ಜ್ ಹಿಡಿಯುತ್ತಿಲ್ಲ. ಎರಡನೆಯದಕ್ಕೆ ರಿಮೋಟಿನ ಸೆಲ್ ಹಾಕಿದೊಡನೆ ಜೀವ ಬಂತು, ನಮ್ಮ ಚಾವಡಿಯಲ್ಲಿ ನಡೆದ ತಾಳಮದ್ದಳೆಯೊಂದು ಅದರಲ್ಲಿ ಹಾಗೆಯೇ ಇದೆ. ಇವನ್ನು ನೋಡಿದ ಮಗಳು, ಕ್ರಿಯೇಟಿವ್, ಸೋನಿ, ಮೈಕ್ರೋಸಾಫ್ಟ್‌ನಂಥ ಕಂಪನಿಗಳೆಲ್ಲ ಕಣದಲ್ಲಿದ್ದೂ ಆ್ಯಪಲ್ ಕಂಪನಿಯ ಐಪಾಡ್ ಹೆಸರೊಂದೇ ಉಳಿದದ್ದು ಹೇಗೆ ಎಂದು ಕೇಳಿದಳು. ಆ ಯಂತ್ರ ನಿಜಕ್ಕೂ ಮೇಲಿನದಾಗಿತ್ತೇ, ಅಥವಾ ಎಲ್ಲವೂ ಜಾಹೀರಾತಿನ ಮಹಿಮೆಯೇ? ತಿಳಿದವರು ಹೇಳಬೇಕಾಗಿ ವಿನಂತಿ.

ಕುಂಬಳೆಯ ಓದುಗ:
ಐಪಾಡ್ ಮೊದಲನೆಯದಾಗಿರಲಿಲ್ಲ ಎಂಬಲ್ಲಿಂದ ಆರಂಭಿಸುವುದು ಒಳ್ಳೆಯದು. 1998ರಲ್ಲಿಯೇ ಕೊರಿಯಾದ ಎಂಪಿಮ್ಯಾನ್ ಮತ್ತು ಅಮೆರಿಕದ ಡೈಮಂಡ್ ಕಂಪನಿಯ ರಿಯೊ ಬಂದಿದ್ದವು. ರಿಯೊದಲ್ಲಿ ಇದ್ದದ್ದು 32 ಎಂಬಿ ಜಾಗ, ಅಂದರೆ ಸುಮಾರು ಅರ್ಧ ಗಂಟೆಯ ಹಾಡು. ಅಷ್ಟಕ್ಕೇ ಬೆದರಿದ ಧ್ವನಿಮುದ್ರಣ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು. 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಡೈಮಂಡ್ ಪರವಾಗಿ ತೀರ್ಪು ಕೊಟ್ಟದ್ದರಿಂದ ಉಳಿದವರಿಗೂ ದಾರಿ ತೆರೆಯಿತು. 2000ದಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿ 6 ಜಿಬಿಯ ನೊಮ್ಯಾಡ್ ಜೂಕ್‌ಬಾಕ್ಸನ್ನು ಹೊರತಂದಿತು. ಆದರೆ ಅದರೊಳಗೆ ಲ್ಯಾಪ್‌ಟಾಪಿನ ಡಿಸ್ಕ್ ಇದ್ದುದರಿಂದ ಅದು ಸಿಡಿ ಪ್ಲೇಯರಿನಷ್ಟು ಅಗಲವಾಗಿತ್ತು, ಅಂಗಿಯ ಜೇಬಿಗೆ ಹಿಡಿಯುವಂಥದ್ದಲ್ಲ.

2001ರ ಅಕ್ಟೋಬರ್ 23ರಂದು ಬಂದ ಐಪಾಡ್‌ನಲ್ಲಿ ಜಾಗ 5 ಜಿಬಿ ಮಾತ್ರ, ಬೆಲೆ 399 ಡಾಲರ್. ಆದರೂ ತೋಷಿಬಾ ಆಗಷ್ಟೇ ತಯಾರಿಸಿದ್ದ 1.8 ಇಂಚಿನ ಡಿಸ್ಕ್ ಅದನ್ನು ಜೇಬಿಗೆ ಇಳಿಸಿತು. ಹಾಡು ತುಂಬಿಸಲು ಬೇರೆಯವರು ಸೆಕೆಂಡಿಗೆ 12 ಮೆಗಾಬಿಟ್‌ನ ಹಳೆಯ ಯುಎಸ್‌ಬಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿದ್ದಾಗ ಐಪಾಡ್‌ನ ಫೈರ್‌ವೈರ್ ಎಂಬ ಸಂಪರ್ಕದ ವೇಗ 400 ಮೆಗಾಬಿಟ್ ಇತ್ತು. ಆದುದರಿಂದ ಯಂತ್ರವೇ ಮೇಲಿನದಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಬದಿಯಡ್ಕದವ:
ಕುಂಬಳೆಯವರ ವಿವರ ಸರಿ, ತೀರ್ಮಾನ ಒಪ್ಪತಕ್ಕದ್ದಲ್ಲ. ಆ ಮೊದಲ ಐಪಾಡ್ ಆ್ಯಪಲ್‌ನದೇ ಮ್ಯಾಕ್ ಕಂಪ್ಯೂಟರಿಗೆ ಮಾತ್ರ ಹೊಂದುತ್ತಿತ್ತು. ನಮ್ಮಲ್ಲಿ ಮ್ಯಾಕ್ ಕಂಡವರೇ ಎಷ್ಟು ಮಂದಿ? ಆಟ ತಿರುಗಿದ್ದು 2003ರಲ್ಲಿ. ಏಪ್ರಿಲ್‌ನಲ್ಲಿ ಹಾಡೊಂದಕ್ಕೆ 99 ಸೆಂಟ್ಸ್‌ನ ಐಟ್ಯೂನ್ಸ್ ಎಂಬ ಆ್ಯಪಲ್‌ನ ಆನ್‌ಲೈನ್ ಅಂಗಡಿ ತೆರೆಯಿತು, ಅಕ್ಟೋಬರ್‌ನಲ್ಲಿ ಅದು ವಿಂಡೋಸಿಗೂ ಬಂತು. ಹಾಡು ಕೊಳ್ಳುವುದು, ಜೋಡಿಸಿಡುವುದು, ಯಂತ್ರಕ್ಕೆ ಇಳಿಸುವುದು ಒಂದೇ ಕೈಯಲ್ಲಿ ಸೇರಿದ್ದೇ ಗೆಲುವಿನ ಗುಟ್ಟು.

ಸೋಲಿನ ಕಡೆಯಿಂದ ನೋಡಿದರೆ ಇದು ಇನ್ನೂ ನಿಚ್ಚಳ. ವಾಕ್‌ಮನ್ ಕಟ್ಟಿದ ಸೋನಿಗೆ ಈ ಪೇಟೆ ತಾನಾಗಿ ದಕ್ಕಬೇಕಿತ್ತು. ಆದರೆ ಸೋನಿಗೆ ತನ್ನದೇ ಸಂಗೀತ ಕಂಪನಿಯೂ ಇತ್ತಲ್ಲ, ನಕಲಿನ ಭಯ ಅದರ ಕೈ ಕಟ್ಟಿತು. 2004ರ ಕೊನೆಯ ಹೊತ್ತಿನವರೆಗೂ ಅದರ ನೆಟ್‌ವರ್ಕ್ ವಾಕ್‌ಮನ್‌ಗಳು ಎಂಪಿ3 ಹಾಡನ್ನು ಇದ್ದಂತೆ ನುಡಿಸುತ್ತಿರಲಿಲ್ಲ. ಒಂದೊಂದನ್ನೂ ಸೋನಿಯ ಸ್ವಂತ ಅಟ್ರ್ಯಾಕ್ ರೂಪಕ್ಕೆ ಬದಲಾಯಿಸಬೇಕಿತ್ತು. ಮೈಕ್ರೋಸಾಫ್ಟ್‌ನದು ಇನ್ನೊಂದು ವಿಚಿತ್ರ. ‘ಪ್ಲೇಸ್ ಫಾರ್ ಶ್ಯೂರ್’ ಎಂಬ ಮುದ್ರೆ ಒತ್ತಿ ಬೇರೆ ಕಂಪನಿಗಳನ್ನೆಲ್ಲ ಒಂದು ಚಪ್ಪರದಡಿ ಸೇರಿಸಿ, 2006ರ ನವೆಂಬರ್‌ನಲ್ಲಿ ತಾನೇ ಜ಼ೂನ್ ಎಂಬ ಪ್ಲೇಯರ್ ತಂದಾಗ, ಆ ಮುದ್ರೆಯ ಅಂಗಡಿಗಳಿಂದ ಕೊಂಡ ಹಾಡುಗಳು ಅದರಲ್ಲಿ ನುಡಿಯದಂತೆ ಮಾಡಿತು. ಜ಼ೂನ್‌ನಿಂದ ಜ಼ೂನ್‌ಗೆ ಗಾಳಿಯಲ್ಲೇ ಹಾಡು ಕಳುಹಿಸಬಹುದಿತ್ತು, ಆದರೆ ಪಡೆದವನು ಕೇಳಬಹುದಾದದ್ದು ಮೂರು ಸಲ ಅಥವಾ ಮೂರು ದಿನ ಮಾತ್ರ. ಹೆಣಗಿದವರಲ್ಲಿ ಏನಾದರೂ ಗಳಿಸಿದ್ದು ಕ್ರಿಯೇಟಿವ್: ಹಾಡುಗಳನ್ನು ಹುಡುಕುವ ಮೆನು ಕ್ರಮದ ಪೇಟೆಂಟ್ ತನ್ನದೆಂದು ಹೂಡಿದ ದಾವೆಯನ್ನು ಮುಗಿಸಲು 2006ರಲ್ಲಿ ಆ್ಯಪಲ್ ಅದಕ್ಕೆ 10 ಕೋಟಿ ಡಾಲರ್ ಕೊಡಬೇಕಾಯಿತು.

ಮಂಜೇಶ್ವರದ ಹಳೆ ಕ್ಯಾಸೆಟ್ ವ್ಯಾಪಾರಿ:
ಇಬ್ಬರ ವಾದವೂ ಅಮೆರಿಕಕ್ಕೆ ಸಲ್ಲುತ್ತದೆ. ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಜ಼ೂನ್ ಇಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಬರಲಿಲ್ಲ. ನನ್ನ ಅಂಗಡಿಗೆ ಬಂದವರು ವಿಚಾರಿಸುತ್ತಿದ್ದದ್ದು ಮೂರೇ ಸಂಗತಿ: ಮಂಗಳೂರು ಆಕಾಶವಾಣಿ ಸಿಗುತ್ತದೆಯೇ, ರೆಕಾರ್ಡ್ ಆಗುತ್ತದೆಯೇ, ಪೆನ್‌ಡ್ರೈವಿನಂತೆ ಚುಚ್ಚಿ ಫೈಲ್ ಹಾಕಬಹುದೇ. ಐಪಾಡ್‌ಗೆ ಒಳಗೇ ಎಫ್‌ಎಂ ಬಂದದ್ದು 2009ರ ನ್ಯಾನೊ ಎಂಬ ಸಣ್ಣ ಮಾದರಿಯಲ್ಲಿ. ಅಷ್ಟರಲ್ಲಿ ಇಲ್ಲಿನವರ ಕೈಗೆ ಮೆಮೊರಿ ಕಾರ್ಡಿನ ಮೊಬೈಲ್ ಬಂದಾಗಿತ್ತು.

ಇನ್ನೂ ಒಂದು ಮಾತು ಹೇಳಬೇಕು. ಈ ಯಂತ್ರಗಳೆಲ್ಲ ನಾಲ್ಕೈದು ನಿಮಿಷದ ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಒಂದು ಪದ್ಯಕ್ಕೆ ಇಪ್ಪತ್ತು ನಿಮಿಷ ಅರ್ಥ ಹೇಳುವ ನಮ್ಮ ಅರ್ಥಧಾರಿಗಳನ್ನು ಅವುಗಳಿಗೆ ತುಂಬಿಸಿದರೆ ಫಜೀತಿಯೇ. ಗಿರಾಕಿಯೊಬ್ಬರಿಗೆ ಆರು ಕ್ಯಾಸೆಟ್‌ಗಳನ್ನು ಟೇಪ್‌ರೆಕಾರ್ಡರಿನಿಂದ ವಯರ್ ಎಳೆದು ಇಳಿಸಿ ಕೊಟ್ಟಿದ್ದೆ. ಮರುದಿನವೇ ಸಿಟ್ಟಿನಿಂದ ಬಂದರು. ಹಾಡುಗಳ ಕ್ರಮವನ್ನು ಕಲಸಿಬಿಡುವ ಶಫಲ್ ಒತ್ತಿಹೋಗಿ, ಕೃಷ್ಣ ಕೇಳುವ ಮೊದಲೇ ಕರ್ಣ ಉತ್ತರ ಕೊಡುತ್ತಿದ್ದ.

ನೀರ್ಚಾಲಿನವರಿಗೆ ಒಂದು ಸೂಚನೆ: ಆ ಸಣ್ಣದರೊಳಗಿನ ಫ್ಲ್ಯಾಶ್ ಮೆಮೊರಿ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡೇ ಮಾಹಿತಿ ಕಾಯುವಂಥದ್ದು, ವರ್ಷಗಳು ಕಳೆದಂತೆ ಅದು ಸೋರುತ್ತದೆ. ಇನ್ನು ತಡಮಾಡದೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ನೀರ್ಚಾಲು ನಿವಾಸಿ:
ಮೂವರಿಗೂ ಧನ್ಯವಾದ. ನಿನ್ನೆ ರಾತ್ರಿ ಇಳಿಸಿದೆ. ಒಟ್ಟು ಒಂಬತ್ತು ಫೈಲ್‌ಗಳು, ಏಳನೆಯದು ಮಾತ್ರ ಅರ್ಧಕ್ಕೆ ತುಂಡಾಗಿದೆ. ಭಾಗವತರ ಪದ್ಯಕ್ಕಿಂತ ಜೋರಾಗಿ ಕೇಳಿಸುತ್ತಿರುವುದು ಮೈಕಿನ ಪಕ್ಕದಲ್ಲಿ ಕುಳಿತು ವೀಳ್ಯ ಜಗಿಯುತ್ತಿದ್ದ ಚಿಕ್ಕಪ್ಪನ ಕೆಮ್ಮು. ಅವರ ದುಬೈ ಪ್ಲೇಯರಿನಲ್ಲಿ ಏನಿತ್ತೆಂದು ಫೋನಿನಲ್ಲಿ ವಿಚಾರಿಸಿದೆ. ಹಾಡು ಹಾಕುವ ಕ್ರಮ ತನಗೆ ತಿಳಿಯಲೇ ಇಲ್ಲವೆಂದೂ, ಗೆಳೆಯರೊಬ್ಬರು ಅಂದು ತುಂಬಿಸಿ ಕೊಟ್ಟದ್ದನ್ನೇ ನಾಲ್ಕು ವರ್ಷ ಕೇಳಿದೆನೆಂದೂ ಹೇಳಿದರು.