ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ, ಜೊತೆಗೆ ಸ್ಟೈಪೆಂಡ್ ಟ್ರೇನಿಂಗ್ ಅಂತೆ. ಸೇರ್ಬೋದಾ? ಅಪ್ಪ ಒಪ್ತಿಲ್ಲ

ಕಲ್ಯಾಣ್ ಸ್ಲೋ:

ಎಲ್ರಿಗೂ ನಮಸ್ಕಾರ. ಡೊಂಬಿವಲಿಯವಳು, ಈ ವರ್ಷ 12ನೇ ಕಾಮರ್ಸ್ ಮುಗೀತು. ಅಮ್ಮ ಸಿಎ ಮಾಡು ಅಂತಾರೆ, ಮಾವ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ, ನನಗೆ ಮಾತ್ರ ಹೋಟೆಲ್ ಮ್ಯಾನೇಜ್‌ಮೆಂಟೇ ಬೇಕು. ಅಪ್ಪ ಮಾಟುಂಗಾದ ಒಂದು ಉಡುಪಿ ಹೋಟೆಲಲ್ಲಿ ಗಲ್ಲಾದಲ್ಲಿ ಕೂರೋದು, 22 ವರ್ಷ ಆಯ್ತು, ಅದಕ್ಕೆ ಮೊದಲು ಸಪ್ಲೈಯರ್, ಅದಕ್ಕೂ ಮೊದಲು ಕ್ಲೀನರ್. ಊರಿಂದ 13ನೇ ವಯಸ್ಸಿಗೆ ಬಂದು ಹಗಲು ಹೋಟೆಲ್, ರಾತ್ರಿ ಕನ್ನಡ ಶಾಲೆ ಅಂತ ಓದಿದವರು. ಅವರು ಹೇಳೋದು ಒಂದೇ ಮಾತು, ನಾನು ಪುಕ್ಕಟೆ ಕಲಿತದ್ದನ್ನ ನೀನು ಎರಡೂವರೆ ಲಕ್ಷ ಕೊಟ್ಟು ಕಲೀತೀಯಾ.

ವಿಷಯ ಏನಂದ್ರೆ ಠಾಣೆ ಕಡೆ ಒಂದು ಪ್ರೈವೇಟ್ ಇನ್‌ಸ್ಟಿಟ್ಯೂಟ್ ನೋಡಿ ಬಂದೆ (ಹೆಸರು ಬೇಡ). 18 ತಿಂಗಳ ಡಿಪ್ಲೊಮಾ ಇನ್ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್, 6 ತಿಂಗಳು ಕ್ಲಾಸು, ಆಮೇಲೆ 12 ತಿಂಗಳು ಫೈವ್ ಸ್ಟಾರ್ ಹೋಟೆಲಲ್ಲಿ ಟ್ರೇನಿಂಗ್, ತಿಂಗಳಿಗೆ 10 ಸಾವಿರ ಸ್ಟೈಪೆಂಡ್. ಫೀಸು 2,40,000. ಅರ್ಧ ಫೀಸು ವಾಪಸ್ ಬಂದ ಹಾಗೇ ಅಂತ ಅಲ್ಲಿನ ಕೌನ್ಸೆಲರ್ ಮೇಡಂ ಕ್ಯಾಲ್ಕ್ಯುಲೇಟರ್ ತಿರುಗಿಸಿ ತೋರಿಸಿದ್ರು. ನಿಜಕ್ಕೂ ಕೊಡ್ತಾರಾ? ಡಿಗ್ರಿ ಇಲ್ಲದೆ ಬರೀ ಡಿಪ್ಲೊಮಾದಲ್ಲಿ ಮುಂದೆ ಹೋಗೋಕಾಗುತ್ತಾ? ನೈಟ್ ಡ್ಯೂಟಿ ಬಗ್ಗೆ ಅಮ್ಮನಿಗೆ ಏನು ಹೇಳ್ಲಿ? ಈ ಲೈನಲ್ಲಿ ಇರೋರು ದಯವಿಟ್ಟು ಹೇಳಿ, ಶನಿವಾರದೊಳಗೆ 25 ಸಾವಿರ ಕಟ್ಟಿ ಸೀಟ್ ಬುಕ್ ಮಾಡ್ಬೇಕಂತೆ.

ನೈಟ್ ಆಡಿಟ್:

ಶನಿವಾರ ಏನೂ ಕಟ್ಬೇಡ ಮಾರಾಯ್ತಿ. ಶನಿವಾರದೊಳಗೆ ಅಂದವರು ಸೋಮವಾರಾನೂ ಬೇಡ ಅನ್ನಲ್ಲ.

ಮೊದಲು ಆ ಕ್ಯಾಲ್ಕ್ಯುಲೇಟರ್ ಸರಿ ಮಾಡುವಾ. 12 ತಿಂಗಳಿಗೆ 1,20,000, ಸರಿ. ಅದರಲ್ಲಿ ಟ್ರೇನ್ ಪಾಸು, ಸ್ಟೇಶನ್ನಿಂದ ಹೋಟೆಲಿಗೆ ಆಟೋ, ಶೂ, ಬ್ರೇಕ್ ಶಿಫ್ಟ್ (ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಡ್ಯೂಟಿ) ಬಿದ್ರೆ ಮಧ್ಯಾಹ್ನ ನಾಲ್ಕು ಗಂಟೆ ಹೊರಗೆ ಕಳೆಯೋ ಖರ್ಚು, ಎಲ್ಲಾ ಹೋಗ್ತದೆ. ಡ್ಯೂಟಿ ಮೀಲ್ ಹೋಟೆಲಿಂದೇ ಸಿಗ್ತದೆ, ಅದೊಂದು ಉಳಿತಾಯ. ಫೀಸು ವಾಪಸ್ ಬರೋದು ಅಂತ ಲೆಕ್ಕ ಹಾಕಿ ಸೇರಿದ್ರೆ ಎರಡನೇ ತಿಂಗಳಿಗೇ ಬೇಜಾರಾಗ್ತದೆ.

ನಾನು ದಾದರ್ ಕೇಟರಿಂಗ್ ಕಾಲೇಜಿನವಳು, ಅದೇ ಐಎಚ್‌ಎಮ್ (ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್) ಮುಂಬೈ, ಸಾವರ್ಕರ್ ಮಾರ್ಗದಲ್ಲಿ ಇರೋದು, 1954ರಿಂದ ಉಂಟು. ಈಗ ಅಂಧೇರಿಯ ಒಂದು ಹೋಟೆಲಲ್ಲಿ ಫ್ರಂಟ್ ಆಫೀಸ್, ಅಂದ್ರೆ ರಿಸೆಪ್ಷನ್ ಕೌಂಟರ್. ಅಂಥ ಸರ್ಕಾರಿ ಐಎಚ್‌ಎಮ್‌ಗಳಲ್ಲಿ ಮೂರು ವರ್ಷದ ಬಿಎಸ್ಸಿಗೆ ಹೋಟೆಲ್ ಮ್ಯಾನೇಜ್‌ಮೆಂಟಿನ ನ್ಯಾಷನಲ್ ಕೌನ್ಸಿಲ್‌ನ ಜೆಇಇ ಎಂಟ್ರೆನ್ಸ್ (ಎಂಜಿನಿಯರಿಂಗಿನದ್ದಲ್ಲ) ಬರೀಬೇಕು, ಆದ್ರೆ ಅದೇ ಕೌನ್ಸಿಲ್‌ನ ಒಂದೂವರೆ ವರ್ಷದ ಡಿಪ್ಲೊಮಾಗಳೂ ಉಂಟು, ಫುಡ್ ಪ್ರೊಡಕ್ಷನ್, ಸರ್ವಿಸ್, ಬೇಕರಿ ಹೀಗೆ. ಒಂದು ವರ್ಷ ಕ್ಲಾಸು, ಆಮೇಲೆ 24 ವಾರ ಹೋಟೆಲಲ್ಲಿ. ನೀನು ಹೇಳಿದ ಕೋರ್ಸಿಗೂ ಇದಕ್ಕೂ ವ್ಯತ್ಯಾಸ ನೋಡು, ಅಲ್ಲಿ ಆರೇ ತಿಂಗಳು ಕಲಿಸಿ ಒಂದು ವರ್ಷ ದುಡಿಸ್ತಾರೆ. ಕಾಗದದಲ್ಲಿ ಎರಡೂ ಹದಿನೆಂಟು ತಿಂಗಳೇ.

ಟ್ರೇನಿಂಗ್ ಅಂದ್ರೆ ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್, ಸರ್ವಿಸ್, ಕಿಚನ್, ಈ ನಾಲ್ಕಕ್ಕೂ ನಿನ್ನನ್ನು ತಿರುಗಿಸ್ತಾರಾ ಅಂತ ಕೇಳು. ಸ್ಟೈಪೆಂಡ್ ಎಷ್ಟು ಅನ್ನೋದಕ್ಕಿಂತ ಮೊದಲು ಕೇಳ್ಬೇಕಾದ್ದು ಇದು. ನನಗೆ ಹೌಸ್‌ಕೀಪಿಂಗ್ ಅಂದ್ರೆ ಸಿಟ್ಟು, ಬೆಡ್ ಹಾಕೋಕೆ ನಾನ್ಯಾಕೆ ಓದ್ಬೇಕು ಅಂತ. ಎರಡನೇ ವಾರ ಸೂಪರ್‌ವೈಸರ್ ಒಬ್ರು, ಸಾವಂತವಾಡಿ ಕಡೆಯವರು, ನಾನು ಉಜ್ಜಿ ಮುಗಿಸಿದ ಬಾತ್‌ರೂಮಿಗೆ ಬಂದು ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತ್ರು. ಕೂತು ಸುಮ್ನೆ ನೋಡ್ತಿದ್ರು. ಆಮೇಲೆ ನೀನೂ ಕೂರು ಅಂದ್ರು. ಕೂತೆ. ವಾಶ್‌ಬೇಸಿನ್ ಕೆಳಗಿನ ಪೈಪಿನ ಹಿಂದೆ ಇಷ್ಟು ಧೂಳು, ಬಾಗಿಲ ಹಿಂದೆ ಒಂದು ಕೂದಲು ಅಂಟಿಕೊಂಡಿದೆ. ನಿಂತು ನೋಡಿದ್ರೆ ಕಾಣಲ್ಲ, ಗೆಸ್ಟ್ ಐದು ನಿಮಿಷ ಕೂತು ನೋಡೋದು ಅದನ್ನೇ. ಇವತ್ತು ಕೌಂಟರಲ್ಲಿ ನಿಂತು ಯಾರಾದ್ರೂ ರೂಮ್ ಕ್ಲೀನ್ ಇಲ್ಲ ಅಂದ್ರೆ ಎಲ್ಲಿ ಅಂತ ನನಗೆ ಗೊತ್ತಿರ್ತದೆ. ಇದು ಕ್ಲಾಸಲ್ಲಿ ಬರಲ್ಲ, ತಿಂಗಳಿಗೆ 10 ಸಾವಿರ ಕೊಟ್ಟು ಒಂದು ವರ್ಷ ಕಾಫಿ ಶಾಪಲ್ಲೇ ನಿಲ್ಲಿಸಿದ್ರೂ ಬರಲ್ಲ.

ನೈಟ್ ಡ್ಯೂಟಿ ಇರ್ತದೆ, ಅಮ್ಮನಿಗೆ ಸುಳ್ಳು ಹೇಳ್ಬೇಡ. ನಮ್ಮಲ್ಲಿ ರಾತ್ರಿ ಹುಡುಗಿಯರಿಗೆ ಮನೆ ಬಾಗಿಲಿಗೆ ಕ್ಯಾಬ್ ಡ್ರಾಪ್ ಉಂಟು, ಆದ್ರೆ ಟ್ರೇನಿಗಳಿಗೂ ಅದು ಉಂಟಾ ಅಂತ ಆಯಾ ಹೋಟೆಲಲ್ಲೇ ಕೇಳ್ಬೇಕು.

ಈರುಳ್ಳಿ 40 ಕೆಜಿ:

ಗೋವಾದಿಂದ. ಕಾರವಾರದವ, ಕಿಚನ್ನಲ್ಲಿ 11 ವರ್ಷ, ಎಲ್ಲಕ್ಕಿಂತ ಕೆಳಗಿನ ಕಾಮಿ ತ್ರೀಯಿಂದ ಶುರು ಮಾಡಿ ಈಗ ಸೂ ಶೆಫ್, ಅಂದ್ರೆ ಹೆಡ್ ಶೆಫ್ ಕೆಳಗಿನವ. ನಂದೂ ಡಿಪ್ಲೊಮಾನೇ, ಡಿಗ್ರಿ ಇಲ್ಲ. ಕಿಚನ್ನಲ್ಲಿ ಯಾರೂ ಮಾರ್ಕ್ಸ್‌ಕಾರ್ಡ್ ಕೇಳಲ್ಲ, ಕೈ ನೋಡ್ತಾರೆ. ಫ್ರಂಟ್ ಆಫೀಸು, ಸೇಲ್ಸು, ಎಚ್‌ಆರ್ ಅಂದ್ರೆ ಡಿಗ್ರಿ ಕೇಳ್ತಾರೆ, ಮುಂದೆ ಜನರಲ್ ಮ್ಯಾನೇಜರ್ ಆಗ್ಬೇಕು ಅಂತಿದ್ರೆ ಅದನ್ನೂ ಯೋಚಿಸು.

ನಾನು ಬೇರೆ ಒಂದು ಮಾತು ಹೇಳ್ತೀನಿ, ಟ್ರೇನಿಂಗ್ ಯಾವ ತಿಂಗಳಲ್ಲಿ ಬೀಳುತ್ತೆ ನೋಡು. ಎಲ್ರೂ ಗೋವಾ ಸೀಸನ್ನಿಗೆ ಬರ್ಬೇಕು ಅಂತಾರೆ, ಡಿಸೆಂಬರ್, ನ್ಯೂ ಇಯರ್, ಫುಲ್ ಹೌಸ್, ಫೋಟೋ ಚೆನ್ನಾಗಿ ಬರುತ್ತೆ. ನಾನು ಬಂದಿದ್ದೂ ನವೆಂಬರಲ್ಲಿ. ಮೂರು ತಿಂಗಳು ಏನು ಕಲಿತೆ? ಬೆಳಿಗ್ಗೆ ಆರಕ್ಕೆ ಬಂದು ಈರುಳ್ಳಿ, ದಿನಕ್ಕೆ 40 ಕೆಜಿ, ಆಮೇಲೆ ಬಫೆ ರೀಫಿಲ್, ಆಮೇಲೆ ಮತ್ತೆ ಈರುಳ್ಳಿ. ಶೆಫ್ ಹತ್ರ ಏನಾದ್ರೂ ಕೇಳೋಕೆ ಹೋದ್ರೆ ಆ ಕಡೆ ಹೋಗು ಅಂತಿದ್ರು, ಅವರ ತಪ್ಪಲ್ಲ, 400 ಕವರ್ಸ್, ಅಂದ್ರೆ 400 ಜನರ ಊಟ, ಎದುರಿಗೆ ಇರುವಾಗ ಯಾರು ಪಾಠ ಮಾಡ್ತಾರೆ. ಕೈ ಸ್ಪೀಡ್ ಬಂತು ಅದೊಂದು ನಿಜ.

ಜೂನಲ್ಲಿ ಮಳೆ ಹಿಡೀತು ನೋಡಿ, ಹೋಟೆಲ್ ಖಾಲಿ. ಆವಾಗ ಅದೇ ಶೆಫ್ ನನ್ನನ್ನು ಕರ್ದು ಸ್ಟಾಕ್ (ಮೂಳೆ ಬೇಯಿಸಿದ ಸಾರು) ಪಾಟ್ ಮುಂದೆ ನಿಲ್ಸಿದ್ರು. ಮೂಳೆ ಹುರಿಯೋದು, ನೊರೆ ತೆಗೆಯೋದು, ಕುದಿ ಬರದ ಹಾಗೆ ಗಂಟೆಗಟ್ಲೆ ಸಣ್ಣ ಉರಿ ಕಾಯೋದು. ಒಂದು ಸಲ ನಾನು ಅವಸರಕ್ಕೆ ಉರಿ ದೊಡ್ಡದು ಮಾಡಿ ಸ್ಟಾಕ್ ಕದಡಿ ಹೋಯ್ತು, ಬೈಲಿಲ್ಲ, ಒಂದು ಗ್ಲಾಸಲ್ಲಿ ಅದನ್ನ ಇನ್ನೊಂದು ಗ್ಲಾಸಲ್ಲಿ ಹಿಂದಿನ ದಿನದ್ದನ್ನ ಹಾಕಿ ಬೆಳಕಿಗೆ ಹಿಡಿದು ತೋರಿಸಿದ್ರು. ಒಂದು ಚಹಾ ಡಿಕಾಕ್ಷನ್ ಥರ ತಿಳಿ, ನಂದು ಗದ್ದೆ ನೀರು. ಸೀಸನ್ನಲ್ಲಾದ್ರೆ ಅದನ್ನ ಹಂಗೇ ಗ್ರೇವಿಗೆ ಸುರಿದು ಮುಂದೆ ಹೋಗ್ತಿದ್ವಿ. ಹಾಗಾಗಿ ಮಳೆಗಾಲದ ಒಂದೆರಡು ತಿಂಗಳಾದ್ರೂ ಟ್ರೇನಿಂಗಲ್ಲಿ ಸಿಗೋ ಹಾಗೆ ನೋಡ್ಕೊ. ಮುಂಬೈಯಲ್ಲಿ ಬಿಸಿನೆಸ್ ಹೋಟೆಲ್ ಆದ್ರೆ ಲೆಕ್ಕ ಬೇರೆ, ಅಲ್ಲಿ ವೀಕೆಂಡಲ್ಲೇ ರೂಮ್ ಖಾಲಿ.

ಧಾರವಾಡ ಟು ಪುಣೆ:

ತಂಗಿ, ನಾ ಕಾಗದದ ಮಾತು ಹೇಳ್ತೀನಿ. ಪುಣೆದಾಗ ಒಂದು ಹೋಟೆಲಿನ ಟ್ರೇನಿಂಗ್ ನೋಡ್ಕೋತೀನಿ, ವರ್ಷಕ್ಕ ಮೂವತ್ತು ನಲವತ್ತು ಹುಡುಗ್ರು ನನ್ನ ಕೈಯಾಗಿಂದ ಹೋಗ್ತಾರ. ಟ್ರೇನಿ ಅಂದ್ರ ಹೋಟೆಲಿಗೆ ಸೋವಿ ಕೈ, ಇದನ್ನ ಒಳಗಿನವ್ರು ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ.

ಎರಡು ಥರ ಐತಿ ನೋಡವಾ. ಒಂದು ಕಾಲೇಜು ಮತ್ತ ಹೋಟೆಲು ತಮ್ಮತಮ್ಮೊಳಗ ಮಾತಾಡ್ಕೊಂಡು ಕಳಸೂ ಇಂಡಸ್ಟ್ರಿಯಲ್ ಟ್ರೇನಿಂಗ್. ಅಲ್ಲಿ ಸ್ಟೈಪೆಂಡ್ ಎಷ್ಟು ಅನ್ನೂದು ಅವ್ರ ಮನಸ್ಸು. ಇನ್ನೊಂದು 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸರ್ಕಾರದ ಪೋರ್ಟಲ್‌ನಾಗ ಕಾಂಟ್ರ್ಯಾಕ್ಟ್ ಮಾಡಿ ತಗೊಳ್ಳೂದು. 30 ಮತ್ತ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡೂ ಜಾಗಾದಾಗ ಅಪ್ರೆಂಟಿಸ್ ತಗೊಳ್ಳಲೇಬೇಕು, ಒಟ್ಟು ಮಂದಿಯ ಎರಡೂವರೆಯಿಂದ 15 ಪರ್ಸೆಂಟ್ ತನಕ. 2019ರ ನಿಯಮದಾಗ 12ನೇ ಪಾಸಾದವ್ರಿಗೆ ಕಮ್ಮಿ ಅಂದ್ರ 7,000, ಡಿಪ್ಲೊಮಾದವ್ರಿಗೆ 8,000, ಡಿಗ್ರಿದವ್ರಿಗೆ 9,000 ಅಂತ ಬರದಿದ್ರು. ಅದರಾಗ 25 ಪರ್ಸೆಂಟ್, ಹೆಚ್ಚಂದ್ರ 1,500 ರೂಪಾಯಿ, ಕೇಂದ್ರ ಸರ್ಕಾರದ ಸ್ಕೀಮಿನಾಗ ಸೀದಾ ಹುಡುಗ್ರ ಬ್ಯಾಂಕ್ ಖಾತೆಗೆ ಬರ್ತದ. ಅಂದ್ರ ನಿನ್ನ 10 ಸಾವಿರ ಸುಳ್ಳು ಇರ್ಬೇಕು ಅಂತೇನಿಲ್ಲ, ಹಂಗಂತ ಅದು ಅವ್ರ ಉಪಕಾರನೂ ಅಲ್ಲ.

ಕೇಳೂದು ಏನಂದ್ರ, ರೊಕ್ಕ ಯಾರ ಖಾತೆಗೆ ಬರ್ತದ? ನಮ್ಮ ಕಡೆ ಬಂದ ಒಂದು ಬ್ಯಾಚಿನ ಹುಡುಗ್ರದ್ದು ಕಾಲೇಜಿನ ಖಾತೆಗೆ ಹೋಗ್ತಿತ್ತು, ಅವ್ರು ಹಾಸ್ಟೆಲ್ಲು, ಯೂನಿಫಾರ್ಮು, ಅದು ಇದು ಅಂತ ಕಳದು ಹುಡುಗ್ರ ಕೈಯಾಗ 3,500 ಇಡ್ತಿದ್ರು. ಒಬ್ಬ ಹುಡುಗ ಬಂದು ಸರ್ ನನ್ನ ಪಗಾರ ಯಾಕ ಕಮ್ಮಿ ಅಂತ ನನ್ನ ಮುಂದ ಅತ್ತ ಮ್ಯಾಲೇನೇ ನಮಗ ಗೊತ್ತಾತು. ಆಮ್ಯಾಲೆ ಆ ಕಾಲೇಜಿನ್ನ ಬಿಟ್ವಿ, ಆ ಹುಡುಗ್ರ ರೊಕ್ಕ ಏನು ವಾಪಸ್ ಬರಲಿಲ್ಲ ಬಿಡು.

ಇನ್ನ ಡಿಪ್ಲೊಮಾ ಕೊಡಾವ್ರು ಯಾರು ಅದನ್ನ ಕೇಳು. ನ್ಯಾಷನಲ್ ಕೌನ್ಸಿಲ್ಲಾ, ಮಹಾರಾಷ್ಟ್ರದ ಟೆಕ್ನಿಕಲ್ ಬೋರ್ಡಾ, ಯೂನಿವರ್ಸಿಟಿನಾ, ಇಲ್ಲಾ ಆ ಇನ್‌ಸ್ಟಿಟ್ಯೂಟಿನವ್ರೇ ಪ್ರಿಂಟ್ ಹಾಕ್ಸಿ ಕೊಡ್ತಾರೋ. ಪುಣೆದಾಗ ಶಿವಾಜಿನಗರಕ್ಕ ರಾಜ್ಯ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆನೇ ಐತಿ, ಅದನ್ನೂ ಒಮ್ಮೆ ನೋಡ್ರಿ. ದುಡೀತಾ ಓದೂದೇ ಬೇಕಂದ್ರ ಒಬೆರಾಯ್ ಹೋಟೆಲಿನವ್ರ ಸ್ಟೆಪ್ ಅನ್ನೂ ಕೋರ್ಸ್ ಐತಲ್ಲ, 12ನೇ ಆದವ್ರಿಗೆ ಮೂರು ವರ್ಷ, ಅವ್ರ ಹೋಟೆಲಿನಾಗೇ ಕೆಲಸ, ಸ್ಟೈಪೆಂಡು, ಕೊನಿಗೆ ಡಿಗ್ರಿ. ಆದ್ರ ಸೆಲೆಕ್ಷನ್ ಬಿಗಿ, ಇಂಗ್ಲಿಷ್ ಮಾತು ತಯಾರಿ ಇರಬೇಕು.

ಎರಡು ಸೂಟ್‌ಕೇಸ್:

ಇದರ ನಡುವೆ ಯಾರಾದ್ರೂ ಏಜೆಂಟು ಸ್ವಿಟ್ಜರ್ಲೆಂಡ್, ಆಸ್ಟ್ರೇಲಿಯಾ ಅಂತ ಬರ್ತಾನೆ, ಅದಕ್ಕೇ ಬರೀತಿದೀನಿ. ಸ್ವಿಸ್‌ನಲ್ಲಿ ಇಂಟರ್ನ್‌ಶಿಪ್ಪಿಗೆ ದುಡ್ಡು ಕೊಡೋದು ನಿಜ, ತಿಂಗಳಿಗೆ ಎರಡು ಸಾವಿರ ಫ್ರಾಂಕಿಗೂ ಮೇಲೆ, ಆದ್ರೆ ರೂಮು ಊಟ ತೆರಿಗೆ ಎಲ್ಲಾ ಅದರಲ್ಲೇ ಕಟ್, ಮತ್ತೆ ಕಾಲೇಜು ಫೀಸು ಕೇಳಿದ್ರೆ ಅಪ್ಪ ಗಲ್ಲಾ ಬಿಟ್ಟು ಎದ್ದು ಹೋಗ್ತಾರೆ. ಆಸ್ಟ್ರೇಲಿಯಾದಲ್ಲಿ ಸ್ಟೂಡೆಂಟ್ ವೀಸಾ ಮೇಲೆ ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಅಷ್ಟೇ ಕೆಲಸ. ದುಡಿದು ಫೀಸು ಕಟ್ತೀನಿ ಅಂತ ಹೋದೋರು ಯಾರೂ ಕಟ್ಟಿದ್ದು ನಾನು ನೋಡಿಲ್ಲ. ಇಲ್ಲಿ ಎರಡು ವರ್ಷ ಕೆಲಸ ಮಾಡಿ ಆಮೇಲೆ ಹೋಗು, ಬೇಕಾದ್ರೆ.

ಗಲ್ಲಾಪೆಟ್ಟಿಗೆ:

ನಾನು ನಿನ್ನ ಅಪ್ಪನ ಪಾರ್ಟಿ ಮಗಾ, ಘಾಟ್ಕೋಪರಿನಲ್ಲಿ ಸಣ್ಣ ಹೋಟೆಲ್ ಉಂಟು. ನಾನೂ ಮುಂಬೈಯ ಫೋರ್ಟ್ ಏರಿಯಾದ ರಾತ್ರಿ ಶಾಲೆಯವ, ಹಗಲು ಟೇಬಲ್ ಒರಸಿ ರಾತ್ರಿ ಬೆಂಚಿನ ಮೇಲೆ ತೂಕಡಿಸಿದವ. ಹೋಟೆಲ್ ಕಲೀಲಿಕ್ಕೆ ಕಾಲೇಜಾ ಅಂತ ನಾನೂ ನಗಾಡ್ತಿದ್ದೆ.

ಮೂರು ವರ್ಷದ ಹಿಂದೆ ಅಕ್ಕನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವ ರಜೆಗೆ ಬಂದು ಒಂದು ವಾರ ನಮ್ಮ ಕಿಚನ್ನಲ್ಲಿ ನಿಂತ. ಎರಡನೇ ದಿನ ತರಕಾರಿ ತೂಗುವ ಡಿಜಿಟಲ್ ತಕ್ಕಡಿ ತಗೊಂಡು ಹೋಗಿ ದೋಸೆ ಕಲ್ಲಿನ ಹತ್ರ ಇಟ್ಟ, ಭಟ್ರು ದೋಸೆಗೆ ಹಾಕುವ ಬಟಾಟೆ ಪಲ್ಯ ತೂಗ್ಲಿಕ್ಕೆ. ಭಟ್ರಿಗೆ ಅವಮಾನ, ಮುಖ ಊದಿಸಿಕೊಂಡ್ರು. ಹತ್ತು ದೋಸೆ ತೂಗಿದ. ಒಂದರಲ್ಲಿ 90 ಗ್ರಾಂ, ಒಂದರಲ್ಲಿ 170. ಗಿರಾಕಿಗೆ ಎಲ್ಲದಕ್ಕೂ ಒಂದೇ ರೇಟು. ನಾನು 19 ವರ್ಷದಿಂದ ಅದೇ ಗಲ್ಲಾದಲ್ಲಿ ಕೂತು ರಾತ್ರಿ ಕ್ಯಾಶ್ ಎಣಿಸ್ತಿದ್ದೆ, ವ್ಯಾಪಾರ ಚೆನ್ನಾಗುಂಟು ದುಡ್ಡು ಮಾತ್ರ ನಿಲ್ಲುವುದಿಲ್ಲ ಯಾಕೆ ಅಂತ ದೇವರಿಗೆ ಹರಕೆ ಹೊತ್ತುಕೊಂಡವ. ಈಗ ಪಲ್ಯಕ್ಕೆ ಐಸ್‌ಕ್ರೀಮ್ ತೆಗೆಯುವ ಸ್ಕೂಪ್ ಉಂಟು, ದೋಸೆಗೆ ಎರಡು ಸ್ಕೂಪು, ಮುಗೀತು. ಫುಡ್ ಕಾಸ್ಟ್ ಅಂತ ಒಂದು ಪುಸ್ತಕ ಇಟ್ಟಿದ್ದೇನೆ.

ಪುಕ್ಕಟೆ ಕಲಿತದ್ದು ಅಂತ ನಾವು ಹೇಳುವುದು ಸುಮ್ಮನೆ. ಆ 19 ವರ್ಷದ ಪಲ್ಯದ ಫೀಸು ಎಷ್ಟಾಯ್ತು ಅಂತ ನಾನು ಲೆಕ್ಕ ಹಾಕಲಿಲ್ಲ, ಹೆದರಿಕೆಯಾಗ್ತದೆ. ಅಪ್ಪನಿಗೆ ಇದನ್ನ ಓದಿ ಹೇಳು, ಬೈದ್ರೆ ಬೈಲಿ. ಮತ್ತೆ ಕುರ್ಲಾದಲ್ಲಿ ಬಂಟರ ಸಂಘದ್ದೇ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜ್ ಉಂಟಲ್ಲ, ಅಲ್ಲಿ ವಿಚಾರಿಸಿದ್ಯಾ? ಡೊಂಬಿವಲಿಯಿಂದ ಹೋಗಿ ಬರ್ಲಿಕ್ಕೂ ಸಲೀಸು.

ಕಲ್ಯಾಣ್ ಸ್ಲೋ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡಿದೆ. ಸ್ಟೈಪೆಂಡ್ ಯಾರ ಖಾತೆಗೆ ಅಂದೆ, ಮೊದಲು ನಮ್ಮ ಅಕೌಂಟಿಗೆ ಬಂದು ಆಮೇಲೆ ಡಿಸ್ಟ್ರಿಬ್ಯೂಟ್ ಆಗುತ್ತೆ ಅಂದ್ರು. ಡಿಪ್ಲೊಮಾ ಯಾರದ್ದು ಅಂದಿದ್ದಕ್ಕೆ ಇಂಟರ್‌ನ್ಯಾಷನಲಿ ರೆಕಗ್ನೈಸ್ಡ್ ಅಂತ ಮೂರು ಸಲ ಹೇಳಿದ್ರು, ಹೆಸರು ಹೇಳ್ಲಿಲ್ಲ. ಕಾಂಟ್ರ್ಯಾಕ್ಟ್ ಸ್ಯಾಂಪಲ್ ಕಳಿಸಿ ಅಂದಾಗ ಅಡ್ಮಿಷನ್ ಆದ್ಮೇಲೆ ಅಂತ. ಹಾಗಾಗಿ 25 ಸಾವಿರ ಉಳೀತು.

ಪಲ್ಯದ ಕಥೆ ಅಪ್ಪನಿಗೆ ಓದಿ ಹೇಳಿದೆ. ಬೈಲಿಲ್ಲ. ನಮ್ಮ ಭಟ್ರು ಕೈ ಅಳತೇಲಿ ಒಂದು ಗ್ರಾಂ ತಪ್ಪಲ್ಲ ಅಂದ್ರು, ಮಾರನೇ ದಿನ ರಾತ್ರಿ ಊಟಕ್ಕೆ ಕೂತಾಗ ತಾವಾಗೇ, 140 ಬಂತು 95 ಬಂತು ಅಂದ್ರು. ಅಷ್ಟೇ, ಬೇರೇನೂ ಮಾತಾಡ್ಲಿಲ್ಲ. ಸೋಮವಾರ ದಾದರಿಗೂ ಕುರ್ಲಾಕ್ಕೂ ಹೋಗಿ ಫಾರ್ಮ್ ವಿಚಾರಿಸೋದು ಅಂತ ಆಗಿದೆ, ಅಪ್ಪನೂ ಬರ್ತಾರಂತೆ, ಗಲ್ಲಾಕ್ಕೆ ಬೇರೆಯವ್ರನ್ನ ಕೂರಿಸಿ.

ನೈಟ್ ಆಡಿಟ್ ಅಕ್ಕ, ಒಂದು ಸಣ್ಣ ಡೌಟು. ಟ್ರೇನಿಂಗ್ ಇಂಟರ್‌ವ್ಯೂಗೆ ಕಪ್ಪು ಶೂ ಅಂದ್ರೆ ಹೀಲ್ ಇರ್ಬೇಕಾ?

ನೈಟ್ ಆಡಿಟ್:

ಬೇಡ. ಮುಂದೆ ಮುಚ್ಚಿದ್ದು, ಪ್ಲೇನ್, ಹಿಮ್ಮಡಿ ಒಂದು ಇಂಚು ಸಾಕು. ಸ್ಟೇಶನ್ ಹೊರಗಿನ 300 ರೂಪಾಯಿಯದ್ದು ಮಾತ್ರ ತಗೋಬೇಡ, ಒಂಬತ್ತು ಗಂಟೆ ನಿಲ್ಲಬೇಕು ಅದರಲ್ಲಿ. ಸಾಯಂಕಾಲ ಹೋಗಿ ತಗೋ, ಕಾಲು ಊದಿರುವಾಗ.