ಭಾವ, ಅದು ಬಸ್ಕಿ ಅಲ್ಲ

(ಮನೆಯವರ ಗ್ರೂಪಿಗೆ ಹಾಕಿದ ಕೆಟಲ್‌ಬೆಲ್ ಸ್ವಿಂಗ್, ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡನ್ನು ಬೀಸುವ ವ್ಯಾಯಾಮದ ವಿಡಿಯೊ ಮೇಲೆ ನಡೆದ ಮಾತು)

ನಾನು: ಜಿಮ್ ಬಿಟ್ಟ ಮೇಲೆ ಮನೆಯಲ್ಲಿ ಮಾಡುತ್ತಿರುವುದು ಇದನ್ನೇ. ಎಲ್ಲರೂ ಒಮ್ಮೆ ನೋಡಿ.

ಭಾವ: ನೋಡೋಕೆ ಚೆನ್ನಾಗಿದೆ. ಹೀಗೆ ಬೀಸಿದರೆ ಸೊಂಟ ಹಿಡಿಯುತ್ತದೆ. ಬಸ್ಕಿ ಹೊಡೆಯಬೇಕು ಅಂದರೆ ಜಿಮ್‌ನಲ್ಲಿ ಹೆಗಲ ಮೇಲೆ ಬಾರ್ (ಎರಡೂ ತುದಿಗೆ ತೂಕ ಹಾಕುವ ಉದ್ದ ಕಂಬಿ, ಬಾರ್‌ಬೆಲ್) ಇಟ್ಟುಕೊಂಡು ಹೊಡೆಯಲಿ.

ನಾನು: ಭಾವ, ಅದು ಬಸ್ಕಿ ಅಲ್ಲ. ಇನ್ನೊಂದು ಸಲ ನೋಡಿ. ಮಂಡಿ ಸ್ವಲ್ಪವೇ ಬಗ್ಗಿದೆ, ಸೊಂಟ ಹಿಂದಕ್ಕೆ ಹೋಗಿದೆ. ಗುಂಡು ತೊಡೆಗಳ ನಡುವೆ, ಮಂಡಿಗಿಂತ ಮೇಲೆಯೇ ಹಾದು ಹೋಗುತ್ತದೆ. ಆಮೇಲೆ ಸೊಂಟವನ್ನು ಜೋರಾಗಿ ಮುಂದೆ ತಳ್ಳಿದಾಗ ಅದು ತಾನಾಗಿ ಎದೆಮಟ್ಟಕ್ಕೆ ಏರುತ್ತದೆ. ಕೈ ಎತ್ತುವುದಿಲ್ಲ, ಹಿಡಿದಿರುತ್ತದೆ ಅಷ್ಟೆ. ಗುಂಡು ಮಂಡಿಗಿಂತ ಕೆಳಗಿಳಿದು ಬೆನ್ನು ಗೂನಾದರೆ ನೀವು ಹೇಳಿದ್ದು ಸರಿ. ಹಾಗೆ ಬಗ್ಗಿ ಎತ್ತಿದರೆ ಬಾರ್‌ನಲ್ಲೂ ಸೊಂಟ ಹಿಡಿಯುತ್ತದೆ ಅಲ್ವಾ?

ದೊಡ್ಡಪ್ಪ: ನಮ್ಮ ಗರಡಿ ಮನೆಯಲ್ಲಿ ಗದೆ ತಿರುಗಿಸುತ್ತಿದ್ದೆವು. ಊರಲ್ಲಿ ಗುಂಡುಕಲ್ಲು ಎತ್ತುತ್ತಿದ್ದರು. ಅದನ್ನು ಬಿಟ್ಟು ಅಮೆರಿಕದ ಫ್ಯಾಷನ್ ಯಾಕಪ್ಪಾ?

ನಾನು: ದೊಡ್ಡಪ್ಪ, ಇದು ರಷ್ಯಾದ್ದು. ಅಲ್ಲಿ ಗೀರ್ಯಾ ಅನ್ನುತ್ತಾರೆ. ಸಂತೆಯಲ್ಲಿ ಧಾನ್ಯ ತೂಗುವ ತೂಕದ ಕಲ್ಲಾಗಿತ್ತು. ಅವರ ಹಳೆಯ ಅಳತೆ ಪೂದ್, ಅಂದರೆ 16 ಕೆ.ಜಿ.ಗಿಂತ ಚೂರು ಜಾಸ್ತಿ. ಈಗಲೂ 16, 24, 32 ಕೆ.ಜಿ. ಗುಂಡುಗಳು ಇರುವುದು ಅದಕ್ಕೇ: ಒಂದು, ಒಂದೂವರೆ, ಎರಡು ಪೂದ್. ಅವರ ಪಂದ್ಯದಲ್ಲಿ 10 ನಿಮಿಷ ಗುಂಡನ್ನು ಕೆಳಗಿಡದೆ ಎತ್ತುತ್ತಲೇ ಇರಬೇಕು! ನಿಮ್ಮ ಗದೆಗೂ ಇದಕ್ಕೂ ಗುಟ್ಟು ಒಂದೇ. ಡಂಬೆಲ್‌ನಲ್ಲಿ ತೂಕ ಕೈಯ ಎರಡೂ ಪಕ್ಕ ಸಮವಾಗಿರುತ್ತದೆ. ಇಲ್ಲಿ ಹಿಡಿಯಿಂದ ದೂರ ಇದ್ದು ಎಳೆಯುತ್ತಲೇ ಇರುತ್ತದೆ. ತಡೆಯೋಕೆ ಮುಂಗೈ, ಹೊಟ್ಟೆ, ಬೆನ್ನು ಎಲ್ಲ ಒಟ್ಟಿಗೆ ದುಡಿಯಬೇಕು.

ದೊಡ್ಡಪ್ಪ: ಹೌದು, ಗದೆ ಎಳೆಯುವುದು ಹಾಗೇ. ಮುಂಗೈಗೆ ಗೊತ್ತಾಗುತ್ತದೆ.

ಭಾವ: ಸ್ನಾಯು ದಪ್ಪ ಆಗಬೇಕು ಅನ್ನುವವರು ಏನು ಮಾಡಬೇಕು? ಬಾರ್‌ಗೆ ಎರಡೂವರೆ ಕೆ.ಜಿ. ಏರಿಸಿಕೊಂಡು ಹೋಗಬಹುದು. ಇಲ್ಲಿ 16 ಆದ ಮೇಲೆ ಸೀದಾ 20. ಪ್ರತಿ ಸಲ ಹೊಸದು ಕೊಳ್ಳಬೇಕು.

ನಾನು: ಅದು ನಿಜ. ಮೈ ಕಟ್ಟೋಕೆ ಬಾರ್‌ಬೆಲ್ಲೇ ಮೇಲು. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಬೇಕು? ದಿನವಿಡೀ ಕುರ್ಚಿ ಮೇಲೆ ಕೂತು, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವವರೇ ಜಾಸ್ತಿ. ಇದರಲ್ಲಿ ಬಲವೂ ಬರುತ್ತದೆ, ದಮ್ಮೂ ಬರುತ್ತದೆ. 20 ಸ್ವಿಂಗ್ ಹಾಕಿ ನಾಡಿ ಹಿಡಿದು ನೋಡಿ. ಮಷಿನ್ ಖಾಲಿಯಾಗಲಿ ಅಂತ ಕಾಯೋದೂ ಇಲ್ಲ.

ಅಕ್ಕ: ನನಗೆ ಎಷ್ಟು ಕೆ.ಜಿ. ಸರಿ? ಆಗಾಗ ಬೆನ್ನು ನೋಯುತ್ತೆ ಕಣೋ.

ನಾನು: ಮೊದಲು ಡಾಕ್ಟರಿಗೆ ತೋರಿಸು ಅಕ್ಕ. ಅವರು ಹೂಂ ಅಂದರೂ ಗುಂಡು ಈಗಲೇ ಬೇಡ. ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಲ್ಲು. ಬೆನ್ನು ನೆಟ್ಟಗಿಟ್ಟು, ಮಂಡಿ ಹೆಚ್ಚು ಬಗ್ಗಿಸದೆ, ಹಿಂಭಾಗ ಗೋಡೆಗೆ ತಾಗಿಸು. ಇದು ಸಲೀಸಾದ ಮೇಲೆ 8 ಕೆ.ಜಿ. ಹಿಡಿ.

ಭಾವ: ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ಗೂ ನಮ್ಮ ಕೋಚ್ ಮೊದಲು ಇದನ್ನೇ ಮಾಡಿಸಿದ್ದು. ಆದರೆ ಬರೀ ವಿಡಿಯೊ ನೋಡಿ ಶುರು ಮಾಡಬೇಡ, ಗೊತ್ತಿರುವವರ ಎದುರು ಕಲಿ.

ನಾನು: ಇದಕ್ಕೆ ನನ್ನದೂ ಒಂದು ಓಟು. ಭಾನುವಾರ ಬನ್ನಿ ಭಾವ, ಅಕ್ಕನ ಬೆನ್ನು ನೆಟ್ಟಗಿದೆಯಾ ಅಂತ ನೀವೇ ನೋಡಿ.

ಚಿಕ್ಕಮ್ಮ: ಟೈಲ್ಸ್ ಗತಿ ಏನು?

ನಾನು: ದಪ್ಪ ರಬ್ಬರ್ ಮ್ಯಾಟ್ ಹಾಸುತ್ತೇನೆ ಚಿಕ್ಕಮ್ಮ. ಮಕ್ಕಳನ್ನು ಮಾತ್ರ ಆ ಕೋಣೆಗೆ ಬಿಡಬೇಡಿ.